ಸಿಗ್ನಲ್ ಸಿಗದ ಹೋಂಸ್ಟೇಗೆ ನಗೆ ಜಾಹೀರಾತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಕಲೇಶಪುರ, ಆಲೂರು ಕಡೆಯವು. ಹೋಂಸ್ಟೇ ನಡೆಸುವವರು, ಕಾಫಿ ಪುಡಿ, ಮೆಣಸು, ಜೇನು ಮಾರುವವರು ತಾವೇ ಫೋನ್ ಹಿಡಿದು ನಗೆ ವಿಡಿಯೊ ಮಾಡಲು ಹೊರಟಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಸರ್, ನಮ್ಮದು ಹೋಂಸ್ಟೇ. ತಂಗಿ ಮಗ ಒಂದು ಕಾಮಿಡಿ ವಿಡಿಯೊ ಮಾಡಿಕೊಟ್ಟ. ಸಿನಿಮಾ ಡೈಲಾಗಿಗೆ ನಾನೂ ನಮ್ಮ ಮನೆಯವರೂ ಬಾಯಿ ಆಡಿಸಿದ್ದೀವಿ. ಕೊನೆಗೆ ಫೋನ್ ನಂಬರ್ ಬರುತ್ತೆ. ನೆಂಟರೆಲ್ಲ ಚೆನ್ನಾಗಿದೆ ಅಂದರು, ಬುಕಿಂಗ್ ಮಾತ್ರ ಒಂದೂ ಬರಲಿಲ್ಲ. ಎಲ್ಲಿ ಎಡವಿದೆವು?
— ಹಾನುಬಾಳು

ನಿಮ್ಮ ವಿಡಿಯೊದಲ್ಲಿ ನಿಮ್ಮ ಹೋಂಸ್ಟೇಯೇ ಇಲ್ಲ. ಅದೇ ಡೈಲಾಗಿಗೆ ದಾವಣಗೆರೆಯ ಬಟ್ಟೆ ಅಂಗಡಿಯವರೂ ಬಾಯಿ ಆಡಿಸಬಹುದು, ಹಾಸನದ ಟೈರ್ ಅಂಗಡಿಯವರೂ ಆಡಿಸಬಹುದು. ನೋಡಿದವರು ಆ ಸಿನಿಮಾ ನೆನೆಸಿಕೊಂಡು ನಕ್ಕು ಮುಂದಕ್ಕೆ ಹೋಗುತ್ತಾರೆ. ನಗು ಸಿನಿಮಾದವರ ಪಾಲಾಯಿತು, ನಿಮಗೇನೂ ಉಳಿಯಲಿಲ್ಲ. ಇನ್ನೊಂದು ಮಾತು: ಸಿನಿಮಾದ ದನಿಯನ್ನೋ ಹಾಡನ್ನೋ ವ್ಯಾಪಾರದ ವಿಡಿಯೊಗೆ ಹಾಕಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಊರೆಲ್ಲ ಹಾಕುತ್ತಿದ್ದಾರೆ ಅನ್ನುವುದು ಒಪ್ಪಿಗೆಯಾಗುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಐಪಿಎಲ್ ಶುರುವಾದ ಹೊತ್ತಿಗೆ ಬಂದ ಬೆಂಗಳೂರಿನ ಕ್ರೆಡ್ ಕಂಪನಿಯ ಜಾಹೀರಾತನ್ನು ಮತ್ತೊಮ್ಮೆ ಹಾಕಿ ನೋಡಿ. ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಕಿರುಚಾಡುತ್ತಾರೆ, ಪಕ್ಕದ ಕಾರಿನ ಕನ್ನಡಿಗೆ ಬ್ಯಾಟ್ ಬೀಸುತ್ತಾರೆ, ಕೊನೆಗೆ ಕಾರಿನ ಸನ್‌ರೂಫಿನಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಕೂಗುತ್ತಾರೆ. ತನ್ಮಯ್ ಭಟ್, ದೇವಯ್ಯ ಬೋಪಣ್ಣ ಮೊದಲಾದವರ ತಂಡ ಬರೆದದ್ದು, ಅಯ್ಯಪ್ಪ ಕೆ.ಎಂ. ನಿರ್ದೇಶಿಸಿದ್ದು. ಕೂಗಾಡುವ ಯಾವ ನಟನನ್ನು ಹಾಕಿದ್ದರೂ ಆ ನಗು ಬರುತ್ತಿರಲಿಲ್ಲ. ದ್ರಾವಿಡ್ ಎಂಥ ತಾಳ್ಮೆಯ ಮನುಷ್ಯ ಎಂಬುದು ನೋಡುವವರಿಗೆಲ್ಲ ಮೊದಲೇ ಗೊತ್ತಿತ್ತು. ‘ನಮ್ಮ ಮಾತು ನಂಬೋದು ಕಷ್ಟ, ದ್ರಾವಿಡ್‌ಗೆ ಸಿಟ್ಟು ಬರುತ್ತೆ ಅಂದ ಹಾಗೆ’ ಎಂಬುದೇ ಜಾಹೀರಾತಿನ ವಾದ. ನಗುವೂ ವಾದವೂ ಬೇರೆ ಬೇರೆಯಾಗಿರಲಿಲ್ಲ. ನಗೆ ಜಾಹೀರಾತಿನ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ನಗುವನ್ನು ಕಿತ್ತು ತೆಗೆದರೆ ಸರಕಿನ ಮಾತೂ ಬಿದ್ದುಹೋಗಬೇಕು. ಬೀಳದಿದ್ದರೆ ಆ ನಗು ಬರೀ ಮೇಲಲಂಕಾರ.

ನಿಮ್ಮಲ್ಲಿ ದ್ರಾವಿಡ್ ಇಲ್ಲದಿದ್ದರೇನು, ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ಸಂಗತಿ ಇದೆ. ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ: ‘ನಮ್ಮಲ್ಲಿ ಸಿಗ್ನಲ್ ಸರಿಯಾಗಿ ಸಿಗಲ್ಲ, ವಾಟ್ಸಾಪಿನಲ್ಲಿ ಉತ್ತರ ತಡವಾದರೆ ಬೇಸರ ಮಾಡ್ಕೋಬೇಡಿ.’ ಅದೇ ನಿಮ್ಮ ವಿಡಿಯೊ. ಹೋಂಸ್ಟೇಯವರು ಮುಚ್ಚಿಡುವ ಮಾತನ್ನು ನೀವು ಎಲ್ಲಕ್ಕಿಂತ ಮುಂದೆ ಇಡಿ. ಹೀಗೆ ಬರೆದುಕೊಳ್ಳಬಹುದು.

ಮೊದಲ ಶಾಟ್. ಬೆಂಗಳೂರಿನ ಅತಿಥಿ ಫೋನ್ ಮೇಲಕ್ಕೆತ್ತಿ ಹಿಡಿದು ಕಾಫಿ ಕಣದ ತುಂಬ ಅಲೆಯುತ್ತಿದ್ದಾರೆ. ನೀವು ಜಗಲಿಯಲ್ಲಿ ಕೂತು ಮೆಣಸಿನ ಗೆರೆ ಬಿಡಿಸುತ್ತ, ತಲೆ ಎತ್ತದೆ, ‘ನೀರಿನ ಟ್ಯಾಂಕ್ ಹತ್ರ ಒಂದು ಕಡ್ಡಿ ಸಿಗುತ್ತೆ’ ಅನ್ನುತ್ತೀರಿ. ಎರಡನೆಯ ಶಾಟ್. ಟ್ಯಾಂಕಿನ ಕೆಳಗೆ ಆಗಲೇ ನಾಲ್ಕು ಜನ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿದ್ದಾರೆ. ಸಾಲಿನ ತುದಿಯಲ್ಲಿ ಒಬ್ಬರು ಏಣಿ ಹತ್ತಿ, ಟ್ಯಾಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸ್ ಮೀಟಿಂಗ್ ನಡೆಸುತ್ತಿದ್ದಾರೆ. ಮೂರನೆಯ ಶಾಟಿನಲ್ಲಿ ಬರೀ ದನಿ, ನಿಮ್ಮ ಮನೆಯವರದು, ಅಡುಗೆಮನೆಯಿಂದ: ‘ಕಡುಬು ಆರಿ ಹೋಗುತ್ತೆ, ಬನ್ರಪ್ಪಾ.’ ನಾಲ್ಕನೆಯದರಲ್ಲಿ ಅದೇ ಟ್ಯಾಂಕು, ಅದೇ ಏಣಿ, ಒಬ್ಬ ನರಪಿಳ್ಳೆಯೂ ಇಲ್ಲ. ಮೇಲಿರುವ ಲ್ಯಾಪ್‌ಟಾಪಿನಿಂದ ದನಿ ಬರುತ್ತಿದೆ, ‘ಹಲೋ? ಕೇಳಿಸ್ತಿದೆಯಾ? ಹಲೋ?’

ಈ ನಾಲ್ಕನೆಯ ಶಾಟನ್ನು ಗಡಿಬಿಡಿಯಲ್ಲಿ ಕತ್ತರಿಸಬೇಡಿ. ನೋಡುವವರಿಗೆ ಖಾಲಿ ಜಾಗ ಕಾಣಬೇಕು, ಅರ್ಥವಾಗಬೇಕು, ಆಮೇಲೆ ನಗು ಬರಬೇಕು. ಅದಕ್ಕೆ ಎರಡು ಮೂರು ಸೆಕೆಂಡು ಬೇಕೇ ಬೇಕು. ಎಡಿಟ್ ಮಾಡುವ ಹುಡುಗರು ಇಲ್ಲೇ ಕೈಕೊಡುವುದು. ನಗುವಿನ ಸದ್ದು, ‘ಟೊಯ್ಂಯ್’ ಅನ್ನುವ ಸ್ಪ್ರಿಂಗ್ ಸದ್ದು, ಕಣ್ಣೀರು ಸುರಿಸುವ ಎಮೋಜಿ ಎಲ್ಲ ತಂದು ಅಂಟಿಸುತ್ತಾರೆ. ಯಾವುದೂ ಬೇಡ. ನೀವೂ ನಗಬೇಡಿ. ಕ್ಯಾಮರಾ ಮುಂದೆ ನಿಮಗೆ ಮೆಣಸೇ ಮುಖ್ಯ, ಸಿಗ್ನಲ್ ಹುಡುಕುವವರು ದಿನಾ ಕಾಣುವ ಜನ. ನಿಮ್ಮ ಮುಖ ಎಷ್ಟು ಸಹಜವಾಗಿರುತ್ತದೋ ನಗು ಅಷ್ಟು ಗಟ್ಟಿ.

ಇದರಿಂದ ಇನ್ನೊಂದು ಲಾಭವಿದೆ. ಸಿಗ್ನಲ್ ಇಲ್ಲ ಅಂತ ತಿಳಿದೇ ಬಂದವರು ಹೋಗುವಾಗ ಅದೇ ಕಾರಣಕ್ಕೆ ಒಂದು ಸ್ಟಾರ್ ಕೊಟ್ಟು ಹೋಗುವುದಿಲ್ಲ. ತುರ್ತು ಕರೆಗೆ ಏನು ವ್ಯವಸ್ಥೆ ಇದೆ ಎಂಬುದನ್ನು ಮಾತ್ರ ವಿಡಿಯೊದ ಕೆಳಗೆ ಸ್ಪಷ್ಟವಾಗಿ ಬರೆಯಿರಿ, ಅದು ತಮಾಷೆಯ ವಿಷಯವಲ್ಲ.

ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರ್ತೀವಿ. ಮಳೆಗೂ ಕಾಫಿಗೂ ಜೋಡಿ ಅಲ್ವಾ, ಮಳೆಗಾಲದಲ್ಲೇ ಶೂಟ್ ಮಾಡೋಣ ಅಂತ. ಕ್ಯಾಮರಾ ಬಾಡಿಗೆಗೆ ತರಬೇಕಾ, ಫೋನ್ ಸಾಕಾ? ಹಿಂದೆ ನಿಂತು ಏನೇನು ತಯಾರಿ ಮಾಡ್ಕೋಬೇಕು?
— ಆಲೂರು

ಚಿತ್ರಕ್ಕೆ ಫೋನ್ ಸಾಕು. ದನಿಗೆ ಸಾಲದು. ನಗೆ ವಿಡಿಯೊದಲ್ಲಿ ಚಿತ್ರ ಸ್ವಲ್ಪ ಮಸುಕಾದರೆ ಯಾರೂ ಬೈಯುವುದಿಲ್ಲ, ಮಾತು ಕೇಳಿಸದಿದ್ದರೆ ಎಲ್ಲ ಮುಗಿದ ಹಾಗೆ. ಜುಲೈ ತಿಂಗಳಲ್ಲಿ ನಿಮ್ಮ ಕಡೆ ದನಿಗೆ ಎಷ್ಟು ಶತ್ರುಗಳು ನೋಡಿ. ತಗಡಿನ ಮಾಡಿನ ಮೇಲೆ ಮಳೆ, ಕತ್ತಲಾಗುತ್ತಿದ್ದಂತೆ ಜೀರುಂಡೆ, ಪಕ್ಕದ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡವರ ಎದೆಗೆ ಮೈಕ್ ಸಿಕ್ಕಿಸಿದರೆ ಬರೀ ಪರಪರ ಸದ್ದು ಬರುತ್ತದೆ. ಮೈಕನ್ನು ಕೊಪ್ಪೆಯ ಒಳಗೆ, ಅಂಗಿಯ ಕಾಲರಿನ ಮಡಿಕೆಯಲ್ಲಿ, ಮೇಲೊಂದು ಚೂರು ಹತ್ತಿ ಇಟ್ಟು ಸಿಕ್ಕಿಸಿ. ಅದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿದೆ. ಶಾಟ್ ಮುಗಿದ ಕೂಡಲೇ, ಮಾತಿನ ಬಿಗಿ ಆರುವ ಮುಂಚೆ, ಅದೇ ನಟರನ್ನು ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ಮಾತನ್ನು ಮತ್ತೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಮಳೆ ಹಿಡಿದು ಹೊಯ್ಯುತ್ತಿದ್ದರೆ ಕಾರನ್ನು ಶೆಡ್ಡಿನೊಳಗೆ ತನ್ನಿ. ನಿಂತ ಕಾರಿನಷ್ಟು ಒಳ್ಳೆಯ ಸ್ಟುಡಿಯೊ ಮಲೆನಾಡಿನಲ್ಲಿ ಪುಕ್ಕಟೆ ಸಿಗುವುದಿಲ್ಲ.

ಮಳೆ ಕಣ್ಣಿಗೆ ಕಂಡಷ್ಟು ಕ್ಯಾಮರಾಗೆ ಕಾಣುವುದಿಲ್ಲ. ಬೆಳಕು ಮುಂದಿನಿಂದ ಬಿದ್ದರೆ ಹನಿಗಳು ಮಾಯ. ಹಿಂದುಗಡೆ ಕಪ್ಪಗಿರಬೇಕು, ಬೆಳಕು ಹಿಂಬದಿಯಿಂದಲೋ ಓರೆಯಾಗಿಯೋ ಬರಬೇಕು. ಕಾಫಿ ಲೋಟದ ಹಬೆಗೂ ಇದೇ ಲೆಕ್ಕ. ಬಾಗಿಲ ಹೊರಗಿನ ಬೆಳಕು ಹಬೆಯ ಹಿಂದಿನಿಂದ ಬೀಳುವ ಹಾಗೆ ಲೋಟವನ್ನು ಹೊಸ್ತಿಲ ಒಳಗೆ, ಕತ್ತಲು ಮೂಲೆಗೆ ಎದುರಾಗಿ ಇಡಿ. ಹಬೆ ಸುರುಳಿ ಬಿಚ್ಚುವುದು ಒಂದೊಂದು ಎಳೆಯಾಗಿ ಕಾಣುತ್ತದೆ. ಬೆಚ್ಚಗಿನ ಅಡುಗೆಮನೆಗೆ ಚಳಿಯಿಂದ ಕ್ಯಾಮರಾ ತಂದರೆ ಲೆನ್ಸ್ ಮಂಜು ಕಟ್ಟುತ್ತದೆ. ಒರೆಸುತ್ತ ಕೂರುವ ಬದಲು ಚೀಲದೊಳಗೇ ಕಾಲು ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಇಲ್ಲವಾದರೆ ಒಂದೇ ಮಳೆಗಾಲಕ್ಕೆ ಲೆನ್ಸಿಗೆ ಬೂಷ್ಟು ಬರುತ್ತದೆ. ತಂಡದವರ ಕಾಲಿಗೆ ಇಂಬಳ ಹತ್ತದಂತೆ ಉಪ್ಪು, ಸುಣ್ಣ, ನಶ್ಯ ಯಾವುದು ರೂಢಿಯೋ ಅದನ್ನು ಮರೆಯದೆ ಇಟ್ಟುಕೊಳ್ಳಿ. ನಟಿಸುತ್ತಿರುವವರ ಗಮನ ಕಾಲಿನ ಕಡೆ ಹೋದರೆ ಮಾತಿನ ಲಯ ತಪ್ಪುತ್ತದೆ.

ಇನ್ನು ಬಾಡಿಗೆ ಕ್ಯಾಮರಾದ ಪ್ರಶ್ನೆ. 2009ರ ಐಪಿಎಲ್‌ನಲ್ಲಿ ವೊಡಾಫೋನ್‌ನ ಜೂಜೂಗಳು ಬಂದದ್ದು ನೆನಪಿರಬಹುದು. ಬಿಳಿ ಬಿಳಿ, ಮೊಟ್ಟೆ ತಲೆಯ ಬೊಂಬೆಗಳು. ಕಂಪ್ಯೂಟರಿನಲ್ಲಿ ಮಾಡಿದ್ದು ಅಂತಲೇ ಎಷ್ಟೋ ಜನ ನಂಬಿದ್ದರು. ಒಗಿಲ್ವಿ ಸಂಸ್ಥೆಗಾಗಿ ಅದನ್ನು ಮಾಡಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮ. ಚಿತ್ರೀಕರಣ ನಡೆದದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಒಳಗಿದ್ದವರು ನಿಜವಾದ ಮನುಷ್ಯರು, ಬಹುತೇಕ ತೆಳ್ಳಗಿನ ಮಹಿಳೆಯರು. ಬಟ್ಟೆಯ ವೇಷ ತೊಡಿಸಿ, ಗಟ್ಟಿ ತಲೆ ಕೂರಿಸಿ, ಕಣ್ಣು ಬಾಯಿಯ ಭಾವಗಳನ್ನು ಬೇರೆ ಬೇರೆ ತುಂಡು ಮಾಡಿ ತಲೆಯ ಮೇಲೆ ಅಂಟಿಸುತ್ತಿದ್ದರು. ಸುತ್ತಲಿನ ಸಾಮಾನುಗಳನ್ನು ದೊಡ್ಡದಾಗಿ ಮಾಡಿದ್ದರಿಂದ ಅವು ಪುಟ್ಟದಾಗಿ ಕಂಡವು. ಎಲ್ಲಕ್ಕಿಂತ ಜಾಣತನದ ಕೆಲಸ ವೇಗದ್ದು. ಸೆಕೆಂಡಿಗೆ 20 ಫ್ರೇಮಿನಂತೆ ತೆಗೆದು ಮಾಮೂಲಿ ವೇಗದಲ್ಲಿ ಓಡಿಸಿದರು. ಹೀಗಾಗಿ ನಡಿಗೆ ಕಾರ್ಟೂನಿನ ಹಾಗೆ ತುಸು ಚುರುಕಾಗಿ, ತುಸು ಕುಪ್ಪಳಿಸಿದ ಹಾಗೆ ಕಂಡಿತು. ನಿಮ್ಮ ಫೋನಿನಲ್ಲೂ ಈ ಚಮತ್ಕಾರ ಮಾಡಬಹುದು. ಕಾಫಿ ಕುಡಿಯುವ ಮುಂಚಿನ ಜೋಮು ಹಿಡಿದ ನಡಿಗೆಯನ್ನು ಮಾಮೂಲಿಯಾಗಿ ತೆಗೆಯಿರಿ, ಒಂದು ಗುಟುಕು ಕುಡಿದ ಮೇಲಿನದನ್ನು ಎಡಿಟಿಂಗಿನಲ್ಲಿ ಕಾಲು ಭಾಗ ವೇಗ ಹೆಚ್ಚಿಸಿ ನೋಡಿ. ಕ್ಯಾಮರಾ ಬಾಡಿಗೆಯ ದುಡ್ಡನ್ನು ಒಳ್ಳೆಯ ಮೈಕಿಗೂ ತಂಡದ ಊಟಕ್ಕೂ ಹಾಕಿ.

ನಮ್ಮ ಪುಡಿಯಲ್ಲಿ ಚಿಕೋರಿ ಇದೆ. ‘ನೂರಕ್ಕೆ ನೂರು ಶುದ್ಧ ಚಿಕ್ಕಮಗಳೂರು ಕಾಫಿ’ ಅಂತ ತಮಾಷೆಯ ಮಾತಲ್ಲಿ ಬಂದರೆ ಪರವಾಗಿಲ್ವಾ?
— ಬಾಳ್ಳುಪೇಟೆ

ಪರವಾಗಿಲ್ಲ ಅನ್ನಲಾರೆ. ತಮಾಷೆ ಎಂಬ ಕಾರಣಕ್ಕೆ ಸುಳ್ಳಿಗೆ ರಿಯಾಯಿತಿ ಸಿಗುವುದಿಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಯಾವುದು ಎಷ್ಟು ಎಂಬುದು ಪ್ಯಾಕೆಟ್ಟಿನ ಮೇಲೆ ಇರಲೇಬೇಕು. ಪ್ಯಾಕೆಟ್ಟು ಒಂದು ಹೇಳಿ ವಿಡಿಯೊ ಇನ್ನೊಂದು ಹೇಳಿದರೆ ಅದು ದಾರಿ ತಪ್ಪಿಸುವ ಜಾಹೀರಾತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಚಿಕ್ಕಮಗಳೂರು ಅರೇಬಿಕಾ ಎಂಬುದಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಹೆಸರು ಅಲ್ಲಿನ ಬೆಳೆಗೆ ಸೇರಿದ್ದು. ನಿಮಗೇಕೆ ಪಕ್ಕದ ಮನೆಯ ಹೆಸರು? ಕಾಫಿ ಮಂಡಳಿಯ ಪ್ರಾದೇಶಿಕ ಕಾಫಿಗಳ ಪಟ್ಟಿಯಲ್ಲಿ ಮಂಜ್ರಾಬಾದ್ ಎಂದು ನಿಮ್ಮ ನೆಲದ ಹೆಸರೇ ಇದೆ. ಆ ಹೆಸರು ಬೆಂಗಳೂರಿನವರಿಗೆ ಗೊತ್ತಿಲ್ಲದಿರುವುದೇ ನಿಮ್ಮ ನಗೆಯ ಬಂಡವಾಳ. ‘ಮಂಜ್ರಾಬಾದಾ? ಅದು ಹೈದರಾಬಾದ್ ಹತ್ರಾನಾ?’ ಎಂದು ಗಿರಾಕಿ ಕೇಳಲಿ. ಅಂಗಡಿಯವರು ಉತ್ತರ ಕೊಡದೆ ಲೋಟ ಮುಂದಕ್ಕೆ ತಳ್ಳಲಿ.

ನಮ್ಮ ತೋಟದ ಕೂಲಿ ಲೈನಿನಲ್ಲಿ ಅಸ್ಸಾಂನವರೂ ಉತ್ತರ ಕರ್ನಾಟಕದವರೂ ಇದ್ದಾರೆ. ಅವರು ಕನ್ನಡ ಮಾತಾಡೋದು ಕೇಳಿದರೆ ಎಂಥವರಿಗೂ ನಗು ಬರುತ್ತೆ. ಅದನ್ನೇ ರೀಲ್ ಮಾಡೋಣ ಅಂತಿದ್ದೀನಿ.
— ಹೆತ್ತೂರು ಹೋಬಳಿ

ಬೇಡ. ನಿಮ್ಮ ತೋಟದಲ್ಲಿ ಕೂಲಿಗೆ ಇರುವವರು ನಿಮ್ಮ ಕ್ಯಾಮರಾ ಮುಂದೆ ‘ಒಲ್ಲೆ’ ಅನ್ನಲಾರರು. ಒಲ್ಲೆ ಅನ್ನಲಾಗದವರನ್ನು ನಿಲ್ಲಿಸಿ ನಗುವುದು ನನಗೆ ಒಪ್ಪಿಗೆಯಾಗದ ಕೆಲಸ, ಕೊಳ್ಳುವವರೂ ಈಗ ಅದನ್ನು ಥಟ್ಟನೆ ಗುರುತಿಸುತ್ತಾರೆ. ಪಾತ್ರ ತಿರುಗಿಸಿ. ಮಾಲೀಕರು ಹೊಸ ಬೂಟು ಹಾಕಿಕೊಂಡು ಹಣ್ಣು ಕೊಯ್ಯಲು ಇಳಿಯಲಿ. ಸಂಜೆ ತೂಕದ ಹೊತ್ತಿಗೆ ಎಲ್ಲರ ಚೀಲ ತುಂಬಿರುತ್ತದೆ, ಮಾಲೀಕರದ್ದು ಮಾತ್ರ ತಳದಲ್ಲಿ ಒಂದು ಹಿಡಿ, ಅದರಲ್ಲೂ ಅರ್ಧ ಎಲೆ. ರೈಟರು ಪುಸ್ತಕ ಮುಚ್ಚುತ್ತ ‘ನಾಳೆ ಬೇಗ ಬನ್ನಿ’ ಅನ್ನಲಿ. ಒಂದೊಂದು ಹಣ್ಣನ್ನೂ ಕೈಯಲ್ಲೇ ಕೊಯ್ದದ್ದು ಎಂಬ ಮಾತನ್ನು ಬಾಯಿ ಬಿಟ್ಟು ಹೇಳದೆಯೇ ದಾಟಿಸಿದಂತಾಯಿತು.

ನಟಿಸಲು ಮನಸ್ಸಿರುವ ಕಾರ್ಮಿಕರು ಖಂಡಿತ ಇರುತ್ತಾರೆ. ನಿಮ್ಮ ತಾಲ್ಲೂಕಿನದೇ ಬೆಳ್ಳೇಕೆರೆಯಲ್ಲಿ ತೋಟದ ಕೆಲಸಗಾರರು ರಂಗದ ಮೇಲೆ ನಿಂತ ಕಥೆಯನ್ನು ಪ್ರಸಾದ್ ರಕ್ಷಿದಿಯವರು ‘ಬೆಳ್ಳೇಕೆರೆ ಹಳ್ಳಿ ಥೇಟರ್’ನಲ್ಲಿ ಬರೆದಿದ್ದಾರೆ. ಓದಿ, ನಿಮ್ಮ ಕಣ್ಣು ಬೇರೆಯಾಗುತ್ತದೆ. ನಾಟಕ ಮಾಡಿ ಗೊತ್ತಿದ್ದವರಿಗೆ ಹೇಳಬೇಕಾದ್ದು ಒಂದೇ: ಕೊನೆಯ ಸಾಲಿನವರಿಗೆ ಕೇಳಿಸುವ ದನಿ ಇಲ್ಲಿ ಬೇಡ, ಪಕ್ಕದಲ್ಲಿ ಕೂತವರಿಗೆ ಹೇಳಿದಷ್ಟು ಸಾಕು. ಶೂಟಿಂಗಿನ ದಿನದ ಕೂಲಿ ಪೂರ್ತಿ ಕೊಡಿ, ನಟನೆಗೆ ಬೇರೆ ಸಂಭಾವನೆ ಕೊಡಿ, ಮುಗಿದ ವಿಡಿಯೊ ಅವರಿಗೆ ತೋರಿಸಿ ಒಪ್ಪಿಗೆಯ ರುಜು ಪಡೆದ ಮೇಲೆ ಹೊರಗೆ ಬಿಡಿ.

ಕಂಪ್ಯೂಟರಲ್ಲಿ ಆನೆ ಮಾಡಿಸಿ, ಅದು ಮನೆ ಬಾಗಿಲಿಗೆ ಬಂದು ಕಾಫಿ ಕೇಳೋ ಹಾಗೆ ತೋರಿಸಿದರೆ? ನಮ್ಮೂರು ಅಂದ್ರೆ ಆನೆ ಅಲ್ವಾ ಸರ್.
— ಯಸಳೂರು

ನಿಮ್ಮ ಊರಿನ ಹೆಸರು ನೋಡಿ ಈ ಪತ್ರವನ್ನು ಮತ್ತೆ ಓದಿದೆ. ಎಂಟು ಬಾರಿ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ, ಕಾಡಾನೆ ಸೆರೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾದಾಡಿ ಸತ್ತದ್ದು ನಿಮ್ಮ ಯಸಳೂರು ಅರಣ್ಯ ವಲಯದಲ್ಲೇ, 2023ರ ಡಿಸೆಂಬರ್ 4ರಂದು. ಅದಕ್ಕೂ ಮೊದಲು, 2014ರ ಸುಮಾರಿಗೆ, ಆಲೂರು ಸುತ್ತಮುತ್ತಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದರು. ಆಮೇಲೂ ತೋಟಕ್ಕೆ ಹೋದವರು ವಾಪಸ್ ಬರದ ಮನೆಗಳು ನಿಮ್ಮ ಸುತ್ತ ಇವೆ. ಆ ಮನೆಯವರೂ ನಿಮ್ಮ ವಿಡಿಯೊ ನೋಡುತ್ತಾರೆ.

ಇನ್ನೊಂದು ಅಪಾಯ ಇದಕ್ಕಿಂತ ಹತ್ತಿರದ್ದು. ಆನೆ ಎಲ್ಲಿದೆ ಎಂಬ ಸುದ್ದಿ ನಿಮ್ಮ ಕಡೆ ಓಡಾಡುವುದೇ ಫೋನಿನ ಮೂಲಕ. ಕಂಪ್ಯೂಟರ್ ಆನೆಯ ತುಣುಕೊಂದು ಗ್ರೂಪಿನಿಂದ ಗ್ರೂಪಿಗೆ ಹಾರಿ, ಯಾವುದೋ ಊರಿನ ಹೆಸರು ಅಂಟಿಸಿಕೊಂಡು ಬಂದರೆ ಜನ ಗಾಬರಿಯಾಗುತ್ತಾರೆ. ಎರಡು ಸಲ ಹೀಗಾದರೆ ಮೂರನೆಯ ಸಲ ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ. ಆನೆಯನ್ನು ಬಿಟ್ಟುಬಿಡಿ. ಮಂಜು, ಮಳೆ, ಒಣಗದ ಬಟ್ಟೆ, ದಿನಗಟ್ಟಲೆ ಬಾರದ ಕರೆಂಟು — ನಗಲು ನಿಮ್ಮೂರಲ್ಲಿ ಬೇರೆ ಎಷ್ಟೋ ಇದೆ.

ಮಂಜ್ರಾಬಾದ್ ಕೋಟೆ ಮೇಲೆ ಡ್ರೋನ್ ಹಾರಿಸಿ, ರೈಲು ಹಳಿ ಮೇಲೆ ಡ್ಯಾನ್ಸ್ ಮಾಡಿ ತೆಗೆಯಬಹುದಾ?
— ದೋಣಿಗಾಲ್

ಹಳಿಯ ಮಾತು ಅಲ್ಲಿಗೇ ಬಿಡಿ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಸೇತುವೆಯ ನಡುವೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಿಗದು. ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಜೆಯೂ ಇದೆ. ಡ್ರೋನ್ 250 ಗ್ರಾಂಗಿಂತ ಭಾರವಿದ್ದು ವ್ಯಾಪಾರಕ್ಕೆ ಹಾರಿಸುವುದಾದರೆ 2021ರ ನಿಯಮದಂತೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಕೋಟೆಗೆ ಪುರಾತತ್ವದವರ, ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಕೋಟೆಯ ಎಂಟು ಮೂಲೆಯ ನಕ್ಷತ್ರ ಮೇಲಿಂದ ಚೆಂದ ಕಾಣುತ್ತದೆ ನಿಜ, ಆದರೆ ಅದರಲ್ಲಿ ನಗು ಎಲ್ಲಿದೆ?

ಮನೆ ನಾಯಿ, ಏಳು ವರ್ಷದ ಮಗಳು, ಇಬ್ಬರನ್ನೂ ಹಾಕ್ಕೊಂಡು ಮಾಡೋಣ ಅಂತ. ಬೆಂಗಳೂರಿನ ಯೂಟ್ಯೂಬರ್ ಒಬ್ಬರು ಎರಡು ದಿನ ಬಿಟ್ಟಿ ಉಳಿಸಿಕೊಂಡರೆ ಹಾಕ್ತೀನಿ ಅಂದಿದ್ದಾರೆ.
— ಕೆಂಚಮ್ಮನ ಹೊಸಕೋಟೆ

ಜಾಹೀರಾತಿನಲ್ಲಿ ಪ್ರಾಣಿ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯ ನಿಯಮ 2001ರಿಂದ ಇದೆ. ಮಕ್ಕಳನ್ನು ಹಾಕಿ ವಾಣಿಜ್ಯ ಚಿತ್ರ ಮಾಡಲು ಜಿಲ್ಲಾಧಿಕಾರಿಗಳ ಅನುಮತಿ ಬೇಕು, ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ನಡುವೆ ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಯೂಟ್ಯೂಬರ್‌ಗೆ ದುಡ್ಡು ಕೊಡದೆ ಬರೀ ವಾಸ್ತವ್ಯ ಕೊಟ್ಟರೂ ಅದು ಪ್ರತಿಫಲವೇ. ಜಾಹೀರಾತು ಎಂದು ವಿಡಿಯೊದಲ್ಲಿ ಎದ್ದು ಕಾಣುವಂತೆ ಹಾಕಿಸಿ. ನನ್ನ ಸಲಹೆ ಕೇಳಿದರೆ, ಮಗಳನ್ನು ಕ್ಯಾಮರಾ ಹಿಂದೆ ಕೂರಿಸಿಕೊಂಡು ಸ್ಕ್ರಿಪ್ಟ್ ಓದಿ ಹೇಳಿ. ಅವಳು ಎಲ್ಲಿ ನಗುವುದಿಲ್ಲವೋ ಅಲ್ಲಿ ಮಾತು ಉದ್ದವಾಗಿದೆ.

ನಾವು ಸ್ವಸಹಾಯ ಸಂಘದ ಹೆಂಗಸರು. ಉಪ್ಪಿನಕಾಯಿ, ಜೇನು, ಮೆಣಸು ಮಾರ್ತೀವಿ. ಒಂದೇ ಫೋನು, ದುಡ್ಡಿಲ್ಲ. ಕ್ಯಾಮರಾ ಅಂದ್ರೆ ಎಲ್ಲರಿಗೂ ನಾಚಿಕೆ. ನಮಗೂ ಆಗುತ್ತಾ ಅಣ್ಣಾ?
— ಮಗ್ಗೆ

ಆಗುತ್ತದೆ ತಂಗಿ. ಮುಖ ತೋರಿಸಲೇಬೇಕು ಅಂತ ಯಾರು ಹೇಳಿದ್ದು? ಬರೀ ಕೈಗಳನ್ನು ತೆಗೆಯಿರಿ. ಒಂದು ಮೇಜು, ಉಪ್ಪಿನಕಾಯಿ ಜಾಡಿ, ಪಕ್ಕದಲ್ಲಿ ಒಂದು ತಟ್ಟೆ ಮೊಸರನ್ನ. ಫೋನನ್ನು ಎರಡು ಅಕ್ಕಿ ಡಬ್ಬದ ನಡುವೆ ಒರಗಿಸಿ ನಿಲ್ಲಿಸಿ. ಒಂದು ಕೈ ಬಂದು ಚೂರು ತೆಗೆದುಕೊಳ್ಳುತ್ತದೆ. ಬಳೆ ತೊಟ್ಟ ಇನ್ನೊಂದು ಕೈ ಮುಚ್ಚಳ ಹಾಕುತ್ತದೆ. ಮೊದಲ ಕೈ ಮುಚ್ಚಳ ತೆಗೆಯುತ್ತದೆ. ಬಳೆಯ ಕೈ ಜಾಡಿಯನ್ನೇ ಎತ್ತಿ ಆಚೆ ಇಡುತ್ತದೆ. ಈಗ ಮೂರನೆಯ ಕೈಯೊಂದು, ಪುಟ್ಟದು, ಮೇಜಿನ ಕೆಳಗಿನಿಂದ ಮೆಲ್ಲಗೆ ಏಳುತ್ತದೆ. ಈ ಪುಟ್ಟ ಕೈಯೂ ಮಕ್ಕಳದಾಗಬಾರದು, ಸಂಘದಲ್ಲಿ ಸಣ್ಣ ಕೈಯವರು ಯಾರಾದರೂ ಇರುತ್ತಾರೆ. ಒಂದು ಮಾತೂ ಬೇಡ. ಬಳೆ ಸದ್ದು, ಜಾಡಿ ಸದ್ದು ಸಾಕು. ಮಾತಿಲ್ಲದ್ದರಿಂದ ತಮಿಳರಿಗೂ ಮಲೆಯಾಳಿಗಳಿಗೂ ಅರ್ಥವಾಗುತ್ತದೆ.

ಬೆಳಗ್ಗೆ ಹತ್ತರೊಳಗೆ, ಕಿಟಕಿ ಪಕ್ಕದಲ್ಲಿ ಮಾಡಿ. ಶುರು ಮಾಡುವ ಮುಂಚೆ ಫೋನಿನ ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ, ಅಡುಗೆಮನೆಯ ಜಿಡ್ಡು ಕೂತಿರುತ್ತದೆ. ಮೊದಲ ಕೆಲವು ಸಲ ಎಲ್ಲರೂ ನಕ್ಕುಬಿಡುತ್ತೀರಿ, ನಕ್ಕು ಮುಗಿಸಿ, ಆಮೇಲೆ ಮಾಡಿದ್ದೇ ಚೆನ್ನಾಗಿ ಬರುತ್ತದೆ. ಬೆಲೆ, ತೂಕ, ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಮತ್ತು ಆರ್ಡರ್ ತೆಗೆದುಕೊಳ್ಳುವ ಫೋನ್ ನಂಬರನ್ನು ಜಾಡಿಯ ಚೀಟಿಯ ಮೇಲೇ ದೊಡ್ಡದಾಗಿ ಬರೆದು, ಚೀಟಿ ಕ್ಯಾಮರಾ ಕಡೆಗೆ ತಿರುಗಿರುವಂತೆ ಇಡಿ. ನಂಬರ್ ಯಾರದ್ದೋ ಅವರ ಮನೆಯಲ್ಲಿ ಸಿಗ್ನಲ್ ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.